ಹೆಸರಿಲ್ಲದ ಟೈಪಿಂಗ್ ಅಂಗಡಿಗೆ ನಾಲ್ಕು ಸ್ಟಾರ್

ಐದಕ್ಕೆ ನಾಲ್ಕು. ಒಂದು ಸ್ಟಾರ್ ಯಾಕೆ ಕಳೆದೆ ಅಂತ ಮುಂದೆ ಹೇಳುತ್ತೇನೆ. ಅದೇನು ಸಣ್ಣ ಕಾರಣವಲ್ಲ.

ಅಂಗಡಿಗೆ ಹೆಸರೇ ಇಲ್ಲ. ಧಾರವಾಡದ ಕೋರ್ಟಿನ ಆಸುಪಾಸು ಇರುವ ಟೈಪಿಂಗ್ ಅಂಗಡಿಗಳಲ್ಲಿ ಇದೂ ಒಂದು. ಬೋರ್ಡಿನ ಮೇಲೆ ‘ಕನ್ನಡ-ಇಂಗ್ಲಿಷ್ ಟೈಪಿಂಗ್, ಝೆರಾಕ್ಸ್, ಲ್ಯಾಮಿನೇಷನ್, ಇ-ಫೈಲಿಂಗ್’ ಅಂತ ಬರೆದಿದೆ, ಅಷ್ಟೇ. ವಕೀಲರ ಬಾಯಲ್ಲಿ ಇದು ‘ಕಾಕಾನ ಅಂಗಡಿ’. ಒಳಗೆ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷೀನ್, ಕಕ್ಷಿದಾರರು ಕೂರೋಕೆ ಒಂದು ಉದ್ದ ಬೆಂಚು. ಟೈಪ್‌ರೈಟರ್ ಕಾಲದಿಂದ ಕೆಲಸ ಮಾಡಿದ ಕಾಕಾ ಮೊದಲ ಕಂಪ್ಯೂಟರ್‌ಗೆ. ಅವರ ಅಳಿಯ ಎರಡನೆಯದಕ್ಕೆ. ಕಾಕಾ ಈಗಲೂ ಕೀಲಿಗಳನ್ನು ಟೈಪ್‌ರೈಟರಿನಂತೆಯೇ ಕುಟ್ಟುತ್ತಾರೆ. ಅವರ ಕೀಬೋರ್ಡಿನಲ್ಲಿ ಅರ್ಧ ಅಕ್ಷರಗಳು ಅಳಿಸಿಹೋಗಿವೆ. ಅವರಿಗೆ ಅದು ಬೇಕಾಗಿಯೂ ಇಲ್ಲ.

ನಾನು ವಕೀಲಿ ಶುರು ಮಾಡಿದ್ದು ದೆಹಲಿಯಲ್ಲಿ. ಓದಿದ್ದು ಅಲ್ಲೇ, ಸನ್ನದು (ವಕೀಲಿ ಪರವಾನಗಿ) ತೆಗೆದುಕೊಂಡಿದ್ದೂ ಅಲ್ಲೇ. ಸಾಕೇತ್ ಕೋರ್ಟು, ದೆಹಲಿ ಹೈಕೋರ್ಟು, ಒಬ್ಬ ಸೀನಿಯರ್ ಚೇಂಬರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ರಾತ್ರಿಯವರೆಗೆ ಡ್ರಾಫ್ಟಿಂಗ್. ಅಪ್ಪನಿಗೆ ವಯಸ್ಸಾಯಿತು, ಅಮ್ಮ ಒಬ್ಬರೇ ನೋಡಿಕೊಳ್ಳುವುದು ಕಷ್ಟ ಅಂತ ಧಾರವಾಡಕ್ಕೆ ವಾಪಸ್ ಬಂದೆ. ನನ್ನ ಹಾಗೆ ಬೆಂಗಳೂರು, ಮುಂಬೈ, ದೆಹಲಿ ಬಿಟ್ಟು ತಮ್ಮೂರಿನ ಕೋರ್ಟಿಗೆ ಬರುವವರು ಈಗ ಜಾಸ್ತಿ ಕಾಣುತ್ತಿದ್ದಾರೆ. ಬಂದವರು ಮೊದಲು ಮಾಡುವುದು ಆಫೀಸಿಗೆ ಮುಂಗಡ ಕೊಡುವುದು, ಹಿತ್ತಾಳೆ ಬೋರ್ಡು ಮಾಡಿಸುವುದು, ಕುರ್ಚಿ ತರಿಸುವುದು. ಅದೆಲ್ಲ ಆಮೇಲೆ ಆಗಲಿ. ಮೊದಲು ಒಬ್ಬ ಒಳ್ಳೆ ಟೈಪಿಸ್ಟನ್ನು ಹುಡುಕಿಕೊಳ್ಳಿ ಅನ್ನುವುದು ನನ್ನ ಮಾತು. ಈ ವಿಮರ್ಶೆ ಬರೆಯುತ್ತಿರುವುದೂ ಅದಕ್ಕೇ.

ಸ್ವಂತ ಲ್ಯಾಪ್‌ಟಾಪ್ ಇರುವ ವಕೀಲರಿಗೆ ಟೈಪಿಂಗ್ ಅಂಗಡಿ ಯಾಕೆ ಬೇಕು ಅಂತ ದೆಹಲಿಯ ಗೆಳತಿಯೊಬ್ಬಳು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇದೆ. ಅಲ್ಲಿನ ಕೆಲಸವೇ ಬೇರೆ. ದೆಹಲಿಯಲ್ಲಿ 2 ಕೋಟಿ ರೂಪಾಯಿ ಮೀರಿದ ದಾವೆ ನೇರ ಹೈಕೋರ್ಟಿಗೆ ಹೋಗುತ್ತದೆ. 2015ಕ್ಕೆ ಮುಂಚೆ ಆ ಮಿತಿ 20 ಲಕ್ಷವೇ ಇತ್ತು. ಹಾಗಾಗಿ ಚೇಂಬರಿನಲ್ಲಿ ನಾವು ಬರೆದಿದ್ದೆಲ್ಲ ಇಂಗ್ಲಿಷ್, ಕಂಪನಿಗಳ ಜಗಳ, ಕಾಂಟ್ರಾಕ್ಟು, ಇನ್‌ವಾಯ್ಸು, ಈಮೇಲು. ಕರ್ನಾಟಕದಲ್ಲಿ ಹಾಗಲ್ಲ. ಹತ್ತು ಕೋಟಿಯ ಹೊಲ ಇರಲಿ, ಹತ್ತು ಗುಂಟೆಯ ಹಿತ್ತಿಲು ಇರಲಿ, ಸಿವಿಲ್ ದಾವೆ ಹುಟ್ಟುವುದು ಕೆಳಗಿನ ಕೋರ್ಟಿನಲ್ಲೇ. ನಮ್ಮ ಕಡೆ ಅಲ್ಲಿನ ಕೆಲಸ ಹೆಚ್ಚಾಗಿ ಕನ್ನಡದಲ್ಲೇ ನಡೆಯುತ್ತದೆ. ಸಾಕ್ಷಿ ಕನ್ನಡದಲ್ಲಿ ಹೇಳುತ್ತಾರೆ, ಪಾಟೀ ಸವಾಲು ಕನ್ನಡದಲ್ಲಿ, ಕಕ್ಷಿದಾರರು ತರುವ ಕಾಗದವೆಲ್ಲ ಉತಾರ (ಪಹಣಿ), ವಾರಸಾ (ವಾರಸುದಾರರ ದಾಖಲೆ), ಹಳೇ ಡೈರಿ (ಹಕ್ಕು ಬದಲಾವಣೆಯ ದಾಖಲೆ) ನಕಲು. ಕನ್ನಡ ನನ್ನ ಮನೆಮಾತು ನಿಜ. ಆದರೆ ಕನ್ನಡದಲ್ಲಿ ವಾದಪತ್ರ ಹೇಗೆ ಕೂರುತ್ತದೆ ಅಂತ ದೆಹಲಿಯಲ್ಲಿ ಯಾರೂ ಕಲಿಸುವುದಿಲ್ಲ ಅಲ್ವಾ?

ಅಂಗಡಿ ಏನು ಕೊಡುತ್ತದೆ ಅನ್ನುವುದಕ್ಕೆ ಒಂದು ವಾಟ್ನಿ (ಆಸ್ತಿ ಪಾಲು) ದಾವೆಯ ಕಥೆ ಹೇಳುತ್ತೇನೆ. ಧಾರವಾಡ ತಾಲೂಕಿನ ಒಂದು ಹಳ್ಳಿ. ಅಣ್ಣತಮ್ಮಂದಿರು ತಂಗಿಗೆ ಪಾಲು ಕೊಡಲ್ಲ ಅಂತಾರೆ. ನಾನು ಸಂಗತಿಯನ್ನು ಬರೆದುಕೊಂಡು ಹೋಗಿ ಕಾಕಾನ ಪಕ್ಕ ಕೂತೆ. ಅವರು ಹಾಳೆ ತಿರುಗಿಸಿ ನೋಡಿದರು. ಆಮೇಲೆ ಪ್ರಶ್ನೆ ಶುರು.

“ಮೇಡಮ್ರಿ, ಈ ಅವ್ವಾರ ಮದ್ವಿ ಯಾವಾಗ ಆಗಿದ್ದು?”

“1989ರಾಗ.”

“ಹಂಗಾರ 94ರ ಕಾಯ್ದೆದಾಗ ಬರಂಗಿಲ್ಲ. 2005ರದ್ದು ಹಿಡೀಬೇಕು. ಅಣ್ಣತಮ್ಮಂದ್ರು ಮೊದ್ಲ ವಾಟ್ನಿ ಮಾಡ್ಕೊಂಡಾರೇನ್ರಿ? 2004ರ ಡಿಸೆಂಬರ್ 20ಕ್ಕಿಂತ ಮೊದ್ಲ ರಜಿಸ್ಟರ್ ಆಗಿದ್ರ ನಮ್ಮ ಕೆಲಸ ಕೆಟ್ಟಂಗ.”

ಕಾನೂನು ಕಾಲೇಜಿನ ಮೆಟ್ಟಿಲು ಹತ್ತದ ಮನುಷ್ಯ ಹೇಳಿದ್ದು ಪೂರ್ತಿ ಸರಿ. ಕರ್ನಾಟಕ ಸರ್ಕಾರ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಇಲ್ಲ. ಅಪ್ಪ 2005ರಲ್ಲಿ ಬದುಕಿರಬೇಕಿತ್ತೋ ಇಲ್ಲವೋ ಅನ್ನುವ ಜಗಳವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ತೀರ್ಪಿನಲ್ಲಿ ಮುಗಿಸಿತು. ಇರಬೇಕಿಲ್ಲ ಅಂತ. ತೀರ್ಪನ್ನು ನಾನು ದೆಹಲಿಯಲ್ಲಿದ್ದಾಗಲೇ ಓದಿದ್ದೆ. ಕಾಕಾ ಓದಿಲ್ಲ. ಆದರೆ ಆ ತೀರ್ಪು ಬಂದ ಮೇಲೆ ಎಷ್ಟು ಅಕ್ಕತಂಗಿಯರ ದಾವೆ ಅವರ ಕೈಯಿಂದ ಹೊರಗೆ ಹೋಗಿವೆಯೋ, ದೇವರೇ ಬಲ್ಲ.

ಆಮೇಲೆ ವಂಶಾವಳಿ. ಕಂಪ್ಯೂಟರಿನಲ್ಲಿ ಚೌಕ ಎಳೆಯುವ, ಗೆರೆ ಎಳೆಯುವ ಸೌಲಭ್ಯ ಎಲ್ಲ ಇದೆ. ಕಾಕಾ ಅದ್ಯಾವುದನ್ನೂ ಮುಟ್ಟುವುದಿಲ್ಲ. ಮೂಲ ಪುರುಷನ ಹೆಸರು ನಡುವೆ ಹೊಡೆದು, ಪಕ್ಕದಲ್ಲಿ ಕಂಸ ಹಾಕಿ ‘ಮಯತ’ (ತೀರಿಹೋದವರು) ಅಂತ ಬರೆದು, ಕೆಳಗೆ ಸ್ಪೇಸ್ ಬಾರ್, ಡ್ಯಾಶ್, ನೆಟ್ಟಗಿನ ಗೆರೆ ಒತ್ತುತ್ತ ಒತ್ತುತ್ತ ಮೂರು ತಲೆಮಾರನ್ನು ಇಳಿಸಿಬಿಡುತ್ತಾರೆ. ಗೆರೆಗಳು ಹೆಸರಿನ ಸರಿಯಾಗಿ ನಡುಮಧ್ಯಕ್ಕೇ ಬಂದು ನಿಲ್ಲುತ್ತವೆ. ಸೊಸೆಯಂದಿರು, ಸತ್ತವರ ಮಕ್ಕಳು, ದತ್ತು ಹೋದವರು, ಯಾರೂ ಬಿಟ್ಟುಹೋಗುವುದಿಲ್ಲ. ಬೆಂಚಿನ ಮೇಲೆ ಕೂತ ಕಕ್ಷಿದಾರ ಅವ್ವನಿಗೆ ಅಲ್ಲಿಂದಲೇ ಕೇಳುತ್ತಾರೆ: “ಯವ್ವಾ, ನಿಮ್ಮ ಎರಡನೇ ಅಣ್ಣಗ ಹೆಣ್ಮಕ್ಳು ಎಷ್ಟ್ ಮಂದಿ? ಎಲ್ಲಾರೂ ಬರಬೇಕವಾ, ಇಲ್ಲಂದ್ರ ಆ ಕಡೆ ವಕೀಲ್ರು ಬಿಡಂಗಿಲ್ಲ.” ವಾಟ್ನಿ ದಾವೆಯಲ್ಲಿ ಪಾಲುದಾರರು ಒಬ್ಬರು ಬಿಟ್ಟುಹೋದರೂ ಎದುರಿನವರು ಮೊದಲು ಹಿಡಿಯುವುದು ಅದನ್ನೇ. ಆ ಅವ್ವ ನನಗೆ ಹೇಳದೇ ಇದ್ದ ಒಬ್ಬ ಅಣ್ಣನ ಮಗಳ ಹೆಸರು ಕಾಕಾನಿಗೆ ಹೇಳಿದಳು.

ಆಸ್ತಿಯ ವಿವರ ಬರೆಯುವ ಷೆಡ್ಯೂಲ್ ಭಾಗಕ್ಕೆ ಬಂದರೆ ಕಾಕಾ ಯಾರ ಮಾತೂ ಕೇಳುವುದಿಲ್ಲ. ರಿ.ಸ. (ಸರ್ವೆ) ನಂಬರು, ಹಿಸ್ಸಾ, ಎಕರೆ-ಗುಂಟೆ, ಆಕಾರ (ಕಂದಾಯ), ಆಮೇಲೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಚಕ್ಕುಬಂದಿ. ಊರೊಳಗಿನ ಮನೆ ಆದರೆ ಗ್ರಾಮ ಪಂಚಾಯ್ತಿ ನಂಬರು, ಪಟ್ಟಣದ್ದಾದರೆ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರು. ಇದರಲ್ಲಿ ಒಂದು ಖಾಲಿ ಇದ್ದರೆ ಅಲ್ಲಿ ಟೈಪಿಂಗ್ ನಿಲ್ಲಿಸಿ ಚಹಾ ತರಿಸುತ್ತಾರೆ. ಒಮ್ಮೆ ಒಬ್ಬ ಹುಡುಗ ವಕೀಲ, “ಅದನ್ನ ಆಮೇಲೆ ಪೆನ್ನಿಲೆ ಬರೀತೀನಿ ಬಿಡ್ರಿ ಕಾಕಾ, ಸುಮ್ನ ಹೊಡೀರಿ” ಅಂದ. ಕಾಕಾ ಕೀಬೋರ್ಡ್ ಮೇಲಿಂದ ಕೈ ತೆಗೆದು, “ನಾಳೆ ಡಿಕ್ರಿ ಆಗಿ ಅಮಲ್ಜಾರಿಗೆ ಹೋದಾಗ ಯಾವ ಹೊಲಾ ಅಂತ ತೋರಸ್ತೀರಿ?” ಅಂತ ಕೇಳಿದರು. ಅಮಲ್ಜಾರಿ ಅಂದರೆ ತೀರ್ಪನ್ನು ಜಾರಿ ಮಾಡಿಸುವುದು. ಹುಡುಗ ಎದ್ದು ಫೋನ್ ಮಾಡೋಕೆ ಹೊರಗೆ ಹೋದ.

ಅಷ್ಟಾದ ಮೇಲೆ ವಾದಪತ್ರದ ಹಿಂದೆ ಬರುವ ಕಾಗದಗಳು. ವೆರಿಫೈಯಿಂಗ್ ಅಫಿಡವಿಟ್, ವಿಳಾಸದ ಮೆಮೋ, ದಾಖಲೆಗಳ ಪಟ್ಟಿ, ವ್ಯಾಲ್ಯುಯೇಷನ್ ಸ್ಲಿಪ್, ವಕಾಲತ್ತು. ಕೋರ್ಟ್ ಫೀ ವಿಷಯದಲ್ಲಿ ನಮ್ಮ ರಾಜ್ಯಕ್ಕೆ 1958ರ ಸ್ವಂತ ಕಾಯ್ದೆ ಇದೆ. ಜಂಟಿ ಕಬ್ಜಾದಲ್ಲಿ (ಸ್ವಾಧೀನದಲ್ಲಿ) ಇರುವವರು ವಾಟ್ನಿ ಕೇಳಿದರೆ, ಆಸ್ತಿ ಎಷ್ಟೇ ಬೆಲೆಯದಾದರೂ 35(2)ನೇ ಕಲಂನಲ್ಲಿ 200 ರೂಪಾಯಿಗಿಂತ ಹೆಚ್ಚು ಫೀ ಇಲ್ಲ. ಕಬ್ಜಾದಿಂದ ಹೊರಗೆ ಹಾಕಿದ್ದಾರೆ ಅಂತ ನೀವೇ ಬರೆದುಕೊಂಡರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಫೀ ಕಟ್ಟಬೇಕಾಗುತ್ತದೆ. ಈ ಒಂದು ಸಾಲು ಎಲ್ಲಿ ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೆ ಕಕ್ಷಿದಾರರ ಜೇಬು ನಿಂತಿದೆ. ಕಾಕಾ ಆ ಸಾಲಿಗೆ ಬಂದಾಗ ಟೈಪ್ ಮಾಡದೆ ನಮ್ಮ ಮುಖ ನೋಡುತ್ತಾರೆ. ಕಾನೂನಿನ ಸಲಹೆ ಕೊಡುವುದಿಲ್ಲ, ಬರೀ ನೋಡುತ್ತಾರೆ. ಅಲ್ಲಿ ಸತ್ಯ ಏನೋ ಅದನ್ನೇ ಬರೆಯಬೇಕಾದದ್ದು ವಕೀಲರ ಜವಾಬ್ದಾರಿ, ಟೈಪಿಸ್ಟಿನದಲ್ಲ.

ಗೋಡೆಯ ಮೇಲೆ ಹಳೇ-ಹೊಸ ಕಲಂಗಳ ಪಟ್ಟಿ ಅಂಟಿಸಿದ್ದಾರೆ. 2024ರ ಜುಲೈ 1ರಿಂದ ಸಿ.ಆರ್.ಪಿ.ಸಿ. (ಅಪರಾಧ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ ಬಂತಲ್ಲ, ಆಗಿನದು. ನಿರೀಕ್ಷಣಾ ಜಾಮೀನು ಮೊದಲು 438, ಈಗ 482. ಹೈಕೋರ್ಟಿನಲ್ಲಿ ಕೇಸು ರದ್ದು ಮಾಡಿಸೋದು ಮೊದಲು 482, ಈಗ 528. ಯಾರಾದರೂ ಫೋನಿನಲ್ಲಿ ‘482 ರೆಡಿ ಮಾಡ್ರಿ’ ಅಂದರೆ ಕಾಕಾ ಕೇಳುವ ಮೊದಲ ಪ್ರಶ್ನೆ: “ಯಾವ 482 ರೀ, ಹಳೇದೋ ಹೊಸಾದೋ?”

ದರ. ಕನ್ನಡ ಪುಟಕ್ಕೆ 40 ರೂಪಾಯಿ, ಇಂಗ್ಲಿಷ್‌ಗೆ 30. ಅವರ ಕೈತಪ್ಪು ಆದರೆ ತಿದ್ದೋದು ಪುಕ್ಕಟೆ. ನಾವು ಮನಸ್ಸು ಬದಲಿಸಿದರೆ ಪುಟಕ್ಕೆ 10. ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ ಇ-ಫೈಲಿಂಗ್‌ಗೆ ಹಾಕಿಕೊಡೋದಕ್ಕೆ ಬೇರೆ ದುಡ್ಡು. ಅದನ್ನು ಅಳಿಯ ನೋಡಿಕೊಳ್ಳುತ್ತಾನೆ, ಚುರುಕಾಗಿದ್ದಾನೆ. ಪಕ್ಕದ ಅಂಗಡಿಗಳಲ್ಲಿ ಐದು ರೂಪಾಯಿ ಕಡಿಮೆ ಸಿಗಬಹುದು. ನಾನು ಹೋಗಲ್ಲ.

ಇದಕ್ಕಿಂತ ದೊಡ್ಡ ಅನುಕೂಲ ಉದ್ರಿ (ಸಾಲ). ದೆಹಲಿಯಲ್ಲಿ ತಿಂಗಳಿಗೆ ಇಷ್ಟು ಅಂತ ನನ್ನ ಖಾತೆಗೆ ಬೀಳುತ್ತಿತ್ತು. ಇಲ್ಲಿ ಕಕ್ಷಿದಾರರು ‘ಸುಗ್ಗಿ ಆದಮ್ಯಾಲೆ ಕೊಡ್ತೀವ್ರಿ’ ಅಂತಾರೆ. ಹೆಸರುಕಾಳು, ಕಡಲೆ, ಮಳೆ, ಮಾರ್ಕೆಟ್ ರೇಟು, ಇವೆಲ್ಲ ನನ್ನ ಫೀಸಿನ ಲೆಕ್ಕಕ್ಕೆ ಬಂದು ಸೇರಿವೆ. ಕಾಕಾ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ವಕೀಲರಿಗೆ ಒಂದು ಪುಟ ಇಟ್ಟಿದ್ದಾರೆ. ನನ್ನ ಪುಟದ ಮೇಲೆ ‘ಡೆಲ್ಲಿ ಮೇಡಂ’ ಅಂತ ಬರೆದಿದೆ. ಹೆಸರು ಕೇಳಿ ತಿಳಿದುಕೊಂಡ ಮೇಲೂ ಅದನ್ನು ಬದಲಿಸಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ವಕೀಲರ ಬಾರ್ ರೂಮಿನಲ್ಲಿ ಯಾವ ಕುರ್ಚಿ ಯಾರದು ಅಂತ ಎಂದೋ ತೀರ್ಮಾನವಾಗಿದೆ. ಹೊಸದಾಗಿ ಬಂದವಳು, ಅದರಲ್ಲೂ ಹೊರಗಿನಿಂದ ಬಂದವಳು, ಕಕ್ಷಿದಾರರ ಜೊತೆ ಕೂತು ಮಾತಾಡೋಕೆ ಜಾಗ ಹುಡುಕಬೇಕು. ಈ ಅಂಗಡಿಯ ಬೆಂಚಿನಲ್ಲಿ ಯಾರೂ ಏಳಿ ಅನ್ನುವುದಿಲ್ಲ. ಕಾಕಾ ಫ್ಯಾನನ್ನು ಈ ಕಡೆ ತಿರುಗಿಸುತ್ತಾರೆ, ಅಷ್ಟೇ. ನನ್ನ ಮೊದಲ ಕೇಸುಗಳಲ್ಲಿ ಹೆಚ್ಚಿನವು ಇದೇ ಬೆಂಚಿನಿಂದ ಬಂದವು. ವಕೀಲರನ್ನು ಹುಡುಕುತ್ತ ಬಂದವರು ಟೈಪಿಸ್ಟನ್ನು ಕೇಳುತ್ತಾರೆ. ‘ಇವರು ಡೆಲ್ಲಿಯೊಳಗ ಇದ್ರು, ಫೀ ಭಾಳ ಕೇಳಂಗಿಲ್ಲ’ ಅನ್ನುವುದು ಕಾಕಾನ ಶಿಫಾರಸು. ಎರಡನೇ ಭಾಗ ನನ್ನನ್ನು ಕೇಳಿ ಹೇಳಿದ್ದಲ್ಲ.

ಸನ್ನದಿನ ವರ್ಗಾವಣೆಯ ಅರ್ಜಿಯೂ ಇಲ್ಲೇ ಟೈಪ್ ಆಯಿತು. ವಾಪಸ್ ಬರುವವರು ಇದನ್ನು ತಿಳಿದಿರಲಿ. ವಕೀಲರ ಕಾಯ್ದೆಯ 30ನೇ ಕಲಂ 2011ರ ಜೂನ್ 15ರಿಂದ ಜಾರಿಯಲ್ಲಿದೆ. ಯಾವ ರಾಜ್ಯದ ವಕೀಲರ ಪಟ್ಟಿಯಲ್ಲಿ ಹೆಸರಿದ್ದರೂ ದೇಶದ ಯಾವ ಕೋರ್ಟಿನಲ್ಲೂ ವಕೀಲಿ ಮಾಡುವ ಹಕ್ಕು ಅದರಿಂದ ಬರುತ್ತದೆ. ಆದರೂ ಊರಿನಲ್ಲೇ ನೆಲೆ ನಿಲ್ಲುವುದಾದರೆ ಹೆಸರನ್ನು ಇಲ್ಲಿನ ಪಟ್ಟಿಗೆ ತರಿಸುವುದು ಒಳ್ಳೆಯದು. ರಾಜ್ಯ ವಕೀಲರ ಪರಿಷತ್ತಿನ ಚುನಾವಣೆಯಲ್ಲಿ ಮತ ಇರುವುದು ಆಯಾ ರಾಜ್ಯದ ಪಟ್ಟಿಯಲ್ಲಿ ಇರುವವರಿಗೆ. 18ನೇ ಕಲಂನಲ್ಲಿ ಭಾರತೀಯ ವಕೀಲರ ಪರಿಷತ್ತಿಗೆ ಅರ್ಜಿ ಹಾಕಬೇಕು. ವರ್ಗಾವಣೆಗೆ ಫೀ ಇಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ಶಿಸ್ತಿನ ಪ್ರಕರಣ ಬಾಕಿ ಇದ್ದರೆ, ಇಲ್ಲ ಅರ್ಜಿ ಪ್ರಾಮಾಣಿಕವಲ್ಲ ಅಂತ ಪರಿಷತ್ತಿಗೆ ಅನಿಸಿದರೆ ತಕರಾರು. ನನ್ನ ವಕಾಲತ್ತಿನಲ್ಲಿ ‘ಡಿ’ ಅಂತ ಶುರುವಾಗುವ ನಂಬರು ನೋಡಿ, ಇದನ್ನು ‘ಕೆಎಆರ್’ ಮಾಡಿಸ್ರಿ ಅಂತ ಮೊದಲು ಹೇಳಿದ್ದೂ ಕಾಕಾನೇ.

ಈಗ ಆ ಕಳೆದ ಸ್ಟಾರ್ ವಿಷಯ.

ಅಂಗಡಿಯ ಕಂಪ್ಯೂಟರಿನಲ್ಲಿ ಗುಟ್ಟು ಅನ್ನುವುದು ಇಲ್ಲ. ಪರದೆಯ ಮೇಲೆ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ಅದರೊಳಗೆ ಊರಿನ ಅರ್ಧ ವ್ಯಾಜ್ಯಗಳು. ಒಂದು ಸಂಜೆ ನನ್ನ ಫೈಲ್ ಹುಡುಕುವಾಗ, ಅದೇ ಕೇಸಿನ ಎದುರುಗಡೆಯವರ ಕೈಫಿಯತ್ತು (ದಾವೆಗೆ ಕೊಡುವ ಲಿಖಿತ ಉತ್ತರ) ಪಕ್ಕದಲ್ಲೇ ಕಂಡಿತು. ಅದೂ ಇಲ್ಲೇ ಟೈಪ್ ಆಗಿದೆ. ನಾನು ತೆರೆಯಲಿಲ್ಲ. ಆದರೆ ನನ್ನದನ್ನು ಇನ್ನೊಬ್ಬರು ತೆರೆಯುವುದಿಲ್ಲ ಅಂತ ಯಾರು ಹೇಳಬೇಕು? ಕಕ್ಷಿದಾರರ ಗುಟ್ಟು ಕಾಪಾಡುವ ಕಟ್ಟು ವಕೀಲರಿಗಿದೆ. 2023ರ ಹೊಸ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದನ್ನು ವಕೀಲರ ಗುಮಾಸ್ತರಿಗೂ ನೌಕರರಿಗೂ ಹಬ್ಬಿಸುತ್ತದೆ. ಅಂಗಡಿಯ ಟೈಪಿಸ್ಟು ನಮ್ಮ ನೌಕರರಲ್ಲ. ಕಾಕಾ ಬಾಯಿ ಬಿಗಿ ಇರುವವರು, ಅದರಲ್ಲಿ ಅನುಮಾನವಿಲ್ಲ. ಕಂಪ್ಯೂಟರ್‌ಗೆ ಬಾಯಿ ಬಿಗಿ ಇಲ್ಲ. ಇದನ್ನು ಹೇಳಿದರೆ ಅವರು ನಗುತ್ತಾರೆ. ಪಾಸ್‌ವರ್ಡ್ ಹಾಕಿ ಅಂದರೆ, “ಮರೆತ್ರ ಏನ್ ಮಾಡ್ಲೀ?” ಅಂತಾರೆ.

ಅದಕ್ಕೇ ನಾನು ಒಂದು ಪೆನ್‌ಡ್ರೈವ್ ಇಟ್ಟುಕೊಂಡಿದ್ದೇನೆ. ಫೈಲ್ ಅದರಲ್ಲೇ ಇರಬೇಕು, ಕಂಪ್ಯೂಟರಿನಲ್ಲಿ ಉಳಿಯಬಾರದು. ಗಂಡಹೆಂಡಿರ ಕೇಸು, ಮಕ್ಕಳ ವಿಷಯ ಇದ್ದರೆ ಇಲ್ಲಿಗೆ ತರುವುದೇ ಇಲ್ಲ. ಮನೆಯಲ್ಲಿ ಕೂತು ನಿಧಾನವಾಗಿ ನಾನೇ ಹೊಡೆಯುತ್ತೇನೆ.

ಇನ್ನೊಂದು ದೂರು ಹಳೇ ನಮೂನೆಗಳದ್ದು. ಚೆಕ್ ಬೌನ್ಸ್ ನೋಟಿಸಿಗೆ, ಜಾಮೀನು ಅರ್ಜಿಗೆ ಕಂಪ್ಯೂಟರಿನಲ್ಲಿ ಸಿದ್ಧ ನಮೂನೆ ಇದೆ. ಹೆಸರು ಬದಲಿಸಿ ಪ್ರಿಂಟ್ ಕೊಡುತ್ತಾರೆ. ಅಳಿಯ ಮಾಡಿದ ಒಂದು ನೋಟಿಸಿನಲ್ಲಿ ಮೂರನೇ ಪ್ಯಾರಾದಲ್ಲಿ ಬೇರೆ ಯಾರದೋ ಊರು, ಬೇರೆ ಯಾವುದೋ ಚೆಕ್ ನಂಬರು ಉಳಿದಿತ್ತು. ಸಹಿ ಹಾಕುವ ಮುಂಚೆ ಓದುವಾಗ ಸಿಕ್ಕಿತು. ಚೆಕ್ ವಾಪಸ್ ಬಂದಿದೆ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಹೋಗಬೇಕು. ಕೊನೇ ದಿನ ತಪ್ಪು ನೋಟಿಸ್ ಹೋದರೆ ಮುಗೀತು ಕಥೆ. ಆದ್ದರಿಂದ ಎಷ್ಟೇ ಅವಸರ ಇರಲಿ, ಪ್ರತಿ ಪುಟ ಓದದೆ ಸಹಿ ಹಾಕಬೇಡಿ.

ಫಾಂಟಿನ ತಲೆನೋವು ಬೇರೆ. ಕಾಕಾನ ಕಂಪ್ಯೂಟರಿನಲ್ಲಿ ಹಳೇ ‘ನುಡಿ’ ತಂತ್ರಾಂಶ. ಅವರ ಬೆರಳು ಕೂತಿರುವುದು ‘ನುಡಿ 01 ಇ’ ಅಕ್ಷರಕ್ಕೆ. ನಾನು ಮನೆಯಿಂದ ಯೂನಿಕೋಡಿನಲ್ಲಿ ಬರೆದು ತಂದಿದ್ದನ್ನು ಅಲ್ಲಿಗೆ ಹಾಕಿದರೆ ಬರೀ ಚೌಕಗಳು. ಪರಿವರ್ತನೆ ಮಾಡಿದರೆ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಅಳಿಯನ ಕಂಪ್ಯೂಟರಿನಲ್ಲಿ ಯೂನಿಕೋಡ್ ಇದೆ, ಆದರೆ ಅವನಿಗೆ ಚಕ್ಕುಬಂದಿಯ ಚಿಂತೆ ಇಲ್ಲ. ಕೊನೆಗೆ ನಾನು ಕಂಡುಕೊಂಡ ದಾರಿ: ಬರೆದಿದ್ದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದುಕೊಂಡು ಹೋಗಿ ಓದಿ ಹೇಳುವುದು. “ನೀವ್ ಹೇಳ್ರಿ, ನಾ ಹೊಡೀತೇನಿ” ಅನ್ನುವುದೇ ಅವರಿಗೂ ಇಷ್ಟ. ಓದಿ ಹೇಳುವಾಗ ನನ್ನ ವಾಕ್ಯಗಳು ತಾವಾಗೇ ಸಣ್ಣದಾದವು. ದೆಹಲಿಯ ಚೇಂಬರಿನಲ್ಲಿ ಬೆಳೆಸಿಕೊಂಡಿದ್ದ ಅರ್ಧ ಪುಟದ ವಾಕ್ಯ ಇಲ್ಲಿ ನಡೆಯುವುದಿಲ್ಲ. ಉಸಿರು ಸಾಲಲ್ಲ.

ಯಾರು ಬರಬಾರದು ಅಂತಲೂ ಹೇಳಿಬಿಡುತ್ತೇನೆ. ಹೈಕೋರ್ಟ್ ಕೆಲಸವೇ ಜಾಸ್ತಿ ಇರುವವರಿಗೆ ಈ ಅಂಗಡಿ ಉಪಯೋಗವಿಲ್ಲ. ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದು ಊರ ಹೊರಗೆ ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರ ಇದೆ. ಅಲ್ಲಿನ ಅರ್ಜಿಗಳು ಇಂಗ್ಲಿಷಿನಲ್ಲಿ, ರೀತಿಯೂ ಬೇರೆ. ಅದಕ್ಕೆ ದೆಹಲಿಯ ಅಭ್ಯಾಸ ನನಗೆ ಹಾಗೇ ಕೈಹಿಡಿಯಿತು, ಸ್ವಂತ ಲ್ಯಾಪ್‌ಟಾಪ್ ಸಾಕು.

ಕೆಳಗಿನ ಕೋರ್ಟಿನ ಕೆಲಸ ಇದ್ದರೆ ಬೆಳಿಗ್ಗೆ ಕೋರ್ಟ್ ಕೂರುವ ಮುಂಚಿನ ಒಂದು ತಾಸು ಈ ಕಡೆ ತಲೆ ಹಾಕಬೇಡಿ. ಆಗ ಎಲ್ಲರಿಗೂ ಮುಂದೂಡಿಕೆ ಅರ್ಜಿ ಬೇಕು, ಝೆರಾಕ್ಸ್ ಮಷೀನಿನ ಮುಂದೆ ಜಗಳ. ಸಂಜೆ ಕೋರ್ಟ್ ಎದ್ದ ಮೇಲೆ ಬನ್ನಿ, ಇಲ್ಲ ಎರಡನೇ ಶನಿವಾರ. ಹುಬ್ಬಳ್ಳಿಯಿಂದ ಬರುವವರಿಗೆ ಚಿಗರಿ ಬಸ್ಸಿದೆ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ಬಂದರೆ ಹೆಚ್ಚು, ಮಳೆಗಾಲದಲ್ಲಿ ಕೊನೇ ದಿನದವರೆಗೆ ಕಾಯಬೇಡಿ. ಉತಾರ, ವಂಶಾವಳಿ, ಆಧಾರ್ ನಕಲು, ಪೆನ್‌ಡ್ರೈವ್ ಜೊತೆಗಿರಲಿ. ಸಾಧ್ಯವಾದರೆ ಕಕ್ಷಿದಾರರನ್ನೂ ಕರೆತನ್ನಿ. ಉದ್ರಿ ಪುಟ ಬೇಕಿದ್ದರೆ ಮೊದಲೆರಡು ಸಲ ನಗದು ಕೊಡಬೇಕು, ಅದು ಕಾಕಾನ ನಿಯಮ.